ಮಗಳ ಬೆನ್ನು, ಬಲಗಡೆಯ ಹೂವು

ಮೊನ್ನೆ ಹೊಸಕೋಟೆಯಲ್ಲಿ ಬಸ್ಸಿಳಿದು ಬರುವಾಗ ರಸ್ತೆ ಪಕ್ಕ ಅವರೆಕಾಯಿಯ ರಾಶಿ ಕಂಡಿತು. ಈ ವರ್ಷದ ಮೊದಲ ಕಾಯಿ. ಮಾರುವವನು ಒಂದು ಹಿಡಿ ಎತ್ತಿ ನನ್ನ ಮೂಗಿನ ಹತ್ತಿರವೇ ಹಿಡಿದ. "ಮೂಸ್ ನೋಡಕ್ಕಾ, ಸೊಗಡು ಹೆಂಗೈತೆ! ಬೆಳಿಗ್ಗೆ ಇಬ್ಬನೀಲಿ ಕಿತ್ತಿದ್ದು." ಮೂಸಿದೆ. ಮುಖ ತಿರುಗಿಸಿ, "ಬೇಡಪ್ಪಾ, ನಾಳೆ ಬರ್ತೀನಿ" ಎಂದು ಹೆಜ್ಜೆ ಹಾಕಿಬಿಟ್ಟೆ. ನಮ್ಮ ಕಡೆಯವರು ಅವರೆಕಾಯಿ ಬೇಡ ಅಂದರೆ ಮೈ ಹುಷಾರಿಲ್ಲ ಅಂತಲೇ ಅರ್ಥ. ಅವನು ನನ್ನ ಬೆನ್ನ ಹಿಂದೆ ಏನೋ ಗೊಣಗಿದ. ಗೊಣಗಲಿ. ಆ ಸೊಗಡು ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಎರಡು ವರ್ಷದ ಹಿಂದಿನ ಆ ಚಳಿಗಾಲವೇ ಎದುರು ಬಂದು ನಿಲ್ಲುತ್ತದೆ. ಮಗಳ ಬೆನ್ನಿಗೆ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ನಾವು ಹೆದರಿ ಹೆದರಿ ಸತ್ತ ಕಾಲ ಅದು.

ನಮ್ಮೂರು ಪಿಲ್ಲಗುಂಪೆಯ ಹತ್ತಿರ. ನಮ್ಮ ಮನೆಯವರು ನಾಗರಾಜ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾರೆ. ನಾನು ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಹಾಲಿಗೆ ನೀರು ಬೆರೆತಿದೆಯಾ ಅಂತ ಮಿಷನ್ನಿನಲ್ಲಿ ಡಿಗ್ರಿ ನೋಡುವುದು, ಜಗಳ ಬಿಡಿಸುವುದು ನನ್ನ ಪಾಲಿನ ಕೆಲಸ. ಮನೆಯಲ್ಲಿ ಅತ್ತೆ ಮುನಿತಾಯಮ್ಮ, ನಮಗೆ ಇರುವುದು ಒಬ್ಬಳೇ ಮಗಳು ಸಿಂಚನ. ಆಗ ಅವಳು ಎಂಟನೇ ಕ್ಲಾಸು.

ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ. ದೊಡ್ಡವಳಾದ ಮೇಲೆ ಸಿಂಚನ ನನ್ನನ್ನು ಬಚ್ಚಲಿಗೆ ಸೇರಿಸುತ್ತಿರಲಿಲ್ಲ. ಹಬ್ಬದ ಎಣ್ಣೆನೀರು ಮಾತ್ರ ತಾಯಿ ಕೈಯಲ್ಲೇ ಆಗಬೇಕು ಅಂತ ಅತ್ತೆ ಹಟ ಹಿಡಿದಿದ್ದರಿಂದ ಅವತ್ತು ಒಳಗೆ ಬಿಟ್ಟುಕೊಂಡಳು. ಸೀಗೆಪುಡಿ ಹಾಕಿ ತಿಕ್ಕಿ, "ಬಗ್ಗು, ತಲೆಗೆ ನೀರು ಹಾಕ್ತೀನಿ" ಅಂದೆ. ಬಗ್ಗಿದಳು. ಚೊಂಬು ಎತ್ತಿದವಳು ಹಾಗೇ ನಿಂತುಬಿಟ್ಟೆ. ಬೆನ್ನಿನ ಬಲಗಡೆ, ಒಳಗೆ ಯಾರೋ ಮುಷ್ಟಿ ಕಟ್ಟಿ ಇಟ್ಟ ಹಾಗೆ, ಎದ್ದು ನಿಂತಿತ್ತು. ಎಡಗಡೆ ಚಪ್ಪಟೆ.

"ನೆಟ್ಟಗೆ ನಿಲ್ಲು" ಅಂದೆ. ನಿಂತಳು. ಅಷ್ಟೇನೂ ಕಾಣಲಿಲ್ಲ. "ಮತ್ತೆ ಬಗ್ಗು." ಮತ್ತೆ ಎದ್ದಿತು.

"ಏನಮ್ಮಾ ನೀನು, ಕಣ್ಣಿಗೆ ಸೀಗೆ ಬಿತ್ತು, ಬೇಗ ನೀರಾಕು!"

ನೀರು ಹಾಕಿದೆ. ಹೊರಗೆ ಬಂದು ಅತ್ತೆಗೆ ಹೇಳಿದೆ. ಅವರು ಬಂದು ಮೊಮ್ಮಗಳ ಬೆನ್ನು ಸವರಿ ನೋಡಿ, "ಆ ಮೊಬೈಲ್ ಹಿಡ್ಕಂಡು ದಿನಾ ಮುದುರ್ಕಂಡು ಕುಂತ್ರೆ ಇನ್ನೇನಾಯ್ತದೆ" ಎಂದರು. ನಮ್ಮ ಮನೆಯವರು, "ಮೊಬೈಲಲ್ಲ ಕಣವ್ವಾ, ಸ್ಕೂಲ್ ಬ್ಯಾಗು. ಅದನ್ನ ನಾನೇ ಎತ್ತಕ್ಕಾಗಲ್ಲ" ಎಂದರು. ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾ ಹಬ್ಬದ ಊಟ ಮುಗಿಸಿದೆವು.

ಹಬ್ಬ ಮುಗಿದ ಕೂಡಲೇ ಹೊಸಕೋಟೆಯ ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಎಕ್ಸ್‌ರೇ ತೆಗೆಸಿ ಫಿಲ್ಮನ್ನು ದೀಪದ ಮುಂದೆ ಹಿಡಿದರು. ಬೆನ್ನುಮೂಳೆ ಅಂದರೆ ಬಿದಿರ ಗಳುವಿನ ಹಾಗೆ ನೆಟ್ಟಗೆ ಇರುತ್ತದೆ ಅಂದುಕೊಂಡಿದ್ದೆ. ಅದು ಧೂಳಿನಲ್ಲಿ ಹಾವು ಹರಿದು ಹೋದ ಜಾಡಿನ ಹಾಗಿತ್ತು. ಒಳಗೆ ಹಾಗಿದ್ದರೂ ಹೊರಗೆ ಬೆಂಚಿನ ಮೇಲೆ ಮಗಳು ಚುರುಮುರಿ ತಿನ್ನುತ್ತಾ ಕಾಲು ಆಡಿಸುತ್ತಾ ಕೂತಿದ್ದಳು.

"ಇದು ಬ್ಯಾಗಿಂದ ಬರಲ್ಲಮ್ಮ, ಮೊಬೈಲಿಂದಾನೂ ಬರಲ್ಲ. ಇದಕ್ಕೆ ಸ್ಕೋಲಿಯೋಸಿಸ್ ಅಂತಾರೆ. ಬೆಳೆಯೋ ವಯಸ್ಸಲ್ಲಿ ಕೆಲವು ಹೆಣ್ಮಕ್ಕಳಿಗೆ ಆಗುತ್ತೆ. ಯಾಕೆ ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಬೆಂಗಳೂರಲ್ಲಿ ಬೆನ್ನುಮೂಳೆ ಡಾಕ್ಟ್ರಿಗೆ ತೋರಿಸಿ" ಎಂದರು.

ಬ್ಯಾಗು ಅಂದಿದ್ದರೆ ಬ್ಯಾಗು ಬಿಸಾಕಬಹುದಿತ್ತು. ಮೊಬೈಲು ಅಂದಿದ್ದರೆ ಕಿತ್ತಿಟ್ಟುಕೊಳ್ಳಬಹುದಿತ್ತು. ಯಾರಿಗೂ ಗೊತ್ತಿಲ್ಲ ಅಂದಾಗ ನನಗೆ ನಿಜವಾದ ಭಯ ಶುರುವಾಯಿತು.

ಬೆಂಗಳೂರಿನ ಮೊದಲನೆಯ ಡಾಕ್ಟರು ಕಂಪ್ಯೂಟರಿನಲ್ಲಿ ಎರಡು ಗೆರೆ ಎಳೆದು, ನಮ್ಮ ಮುಖ ನೋಡದೆಯೇ, "ನಲವತ್ತೆಂಟು ಡಿಗ್ರಿ. ಆಪರೇಷನ್ ಮಾಡ್ಬೇಕು" ಎಂದರು. "ಹುಡುಗಿ ಇನ್ನೂ ಬೆಳೀತಾಳೆ. ಬೆಳೆದಷ್ಟೂ ಇದು ಬಾಗ್ತಾ ಹೋಗುತ್ತೆ. ಸ್ಕ್ರೂ ಹಾಕಿ, ಎರಡು ಕಡೆ ರಾಡ್ ಕೊಟ್ಟು ನೆಟ್ಟಗೆ ಮಾಡಿ, ಅಷ್ಟೂ ಮೂಳೆ ಒಂದೇ ಆಗೋ ಹಾಗೆ ಕೂಡಿಸ್ತೀವಿ. ತಡ ಮಾಡ್ಬೇಡಿ."

ನಮ್ಮ ಮನೆಯವರು, "ಸಾರ್, ಅಪಾಯ ಏನಾದ್ರೂ..." ಎಂದರು.

"ಅಪಾಯ ಇಲ್ಲದ ಆಪರೇಷನ್ ಯಾವುದಿದೆ?"

ಅಷ್ಟೇ. ಮುಂದಿನ ಪೇಷೆಂಟು ಒಳಗೆ ಬಂದೇಬಿಟ್ಟರು.

ಯಾರೋ ಹೇಳಿದರು ಅಂತ ಇನ್ನೊಬ್ಬರ ಹತ್ತಿರ ಹೋದೆವು. ಆ ಡಾಕ್ಟರಿಗೆ ನಿಧಾನ ಜಾಸ್ತಿ. ಅದೇ ಫಿಲ್ಮು, ಅವರೂ ಗೆರೆ ಎಳೆದರು. "ನನಗೆ ನಲವತ್ತಮೂರು ಬರುತ್ತೆ. ಬೆಲ್ಟ್ ಹಾಕಿ ನೋಡೋಣ. ಉಪಯೋಗ ಆಗಬಹುದು, ಆಗದೇನೂ ಇರಬಹುದು. ಸಂಕ್ರಾಂತಿ ಆದ್ಮೇಲೆ ಇನ್ನೊಂದು ಫಿಲ್ಮ್ ತೆಗೆದು ಮಾತಾಡೋಣ."

ಒಂದೇ ಫಿಲ್ಮಿನಲ್ಲಿ ಒಬ್ಬರಿಗೆ ನಲವತ್ತೆಂಟು, ಇನ್ನೊಬ್ಬರಿಗೆ ನಲವತ್ತಮೂರು! ಒಬ್ಬರು ತಡ ಮಾಡಬೇಡಿ ಅನ್ನುತ್ತಾರೆ, ಇನ್ನೊಬ್ಬರು ಕಾಯಿರಿ ಅನ್ನುತ್ತಾರೆ. ನಾವು ಯಾರ ಮಾತಿಗೆ ಮಗಳನ್ನು ಒಪ್ಪಿಸಬೇಕು? ಆ ಸಂಜೆ ಡೈರಿಯಲ್ಲಿ ದಿನಾ ಹಾಲು ಹಾಕುವ ಮುನಿರಾಜಣ್ಣ ಕ್ಯಾನು ಕುಕ್ಕಿ, "ಏನಕ್ಕಾ ನಿನ್ ಮಿಷನ್ನು? ಅದೇ ಹಸ, ಅದೇ ಹುಲ್ಲು. ನೆನ್ನೆಗಿಂತ ಇವತ್ತು ಡಿಗ್ರಿ ಕಮ್ಮಿ ಯಾಕ್ ತೋರಿಸ್ತದೆ?" ಎಂದು ಎಗರಾಡಿದ. ಬೇರೆ ದಿನವಾಗಿದ್ದರೆ, "ಮಿಷನ್ನು ಸುಳ್ಳು ಹೇಳಲ್ಲ ಕಣಣ್ಣೋ, ನೀರು ಹೇಳ್ತದೆ" ಎಂದು ತಿರುಗಿಸಿ ಕೊಡುತ್ತಿದ್ದೆ. ಅವತ್ತು ಸುಮ್ಮನೆ ಇನ್ನೊಂದು ಸಲ ಅಳೆದು ಕೊಟ್ಟೆ.

ಬೆಲ್ಟು ಅಂದರೆ ಸೊಂಟದ ಬೆಲ್ಟಲ್ಲ. ಕಂಕುಳಿನಿಂದ ಸೊಂಟದವರೆಗೆ ಬಿಗಿಯುವ ಪ್ಲಾಸ್ಟಿಕ್ಕಿನ ಚಿಪ್ಪು. ಅದನ್ನು ಹಾಕಿಕೊಂಡು ಮಗಳು ನೆಲದ ಮೇಲೆ ಊಟಕ್ಕೆ ಕೂರಲು ಆಗುತ್ತಿರಲಿಲ್ಲ. ಜಗಲಿಯ ಮೇಲೆ ತಟ್ಟೆ ಇಟ್ಟುಕೊಂಡು ಒಬ್ಬಳೇ ತಿನ್ನುತ್ತಿದ್ದಳು. ನಾವು ಮೂವರೂ ಒಳಗೆ ಅವರೆಕಾಯಿ ಸಾರು, ಮುದ್ದೆ ಮುಂದಿಟ್ಟುಕೊಂಡು ಕೂತಿರುತ್ತಿದ್ದೆವು. ಆ ಕಾಲದಲ್ಲಿ ನಮ್ಮ ಕಡೆ ದಿನವೂ ಅವರೆಕಾಯಿಯೇ. ಸಾರಿಗೆ ಅವರೆ, ಉಪ್ಪಿಟ್ಟಿಗೆ ಅವರೆ, ರೊಟ್ಟಿಗೆ ಅವರೆ. ಮನೆಯೆಲ್ಲ ಸೊಗಡು. ನನಗೆ ಊಟ ಕಂಡರೆ ಭಯ, ಊಟದ ಹೊತ್ತಿಗೇ ಆಪರೇಷನ್ ಮಾತು ಎದ್ದೇಳುತ್ತಿತ್ತಲ್ಲ.

ಅತ್ತೆಯದು ಒಂದೇ ಹಟ. "ಬೆನ್ನಿಗೆ ಕತ್ತಿ ಹಾಕಿಸಿದ್ರೆ ಕಾಲು ಹೋಯ್ತದೆ. ನಮ್ ತಂಗಿ ಸೊಸೆ ತಮ್ಮನಿಗೆ ಏನಾಯ್ತು? ಬೆನ್ನು ಕುಯ್ಸಿದ, ಸೊಂಟದಿಂದ ಕೆಳಕ್ಕೆ ಪ್ರಾಣವೇ ಇಲ್ಲ. ಹಾಸಿಗೇಲೇ ಎಲ್ಲಾ. ಮಗಾ ಸೊಟ್ಟಗಾದ್ರೂ ಇರ್ಲಿ, ನಡಕೊಂಡಿರ್ಲಿ."

ಆ ಮಾತು ನನ್ನೆದೆಗೆ ಮೊಳೆ ಹೊಡೆದ ಹಾಗೆ ಕೂತಿತು. ಸಿಂಚನ ಅಂಗಳ ದಾಟಿ ಸ್ಕೂಲಿಗೆ ಹೋಗುವಾಗ ನನ್ನ ಕಣ್ಣು ಅವಳ ಬೆನ್ನಿನ ಮೇಲಿರುತ್ತಿರಲಿಲ್ಲ, ಕಾಲಿನ ಮೇಲಿರುತ್ತಿತ್ತು. ತಡೆಯಲಾರದೆ ಒಂದು ದಿನ ಅತ್ತೆಯ ತಂಗಿಗೆ ಫೋನು ಮಾಡಿದೆ. "ಅಯ್ಯೋ, ಅವನು ತೆಂಗಿನ ಮರದಿಂದ ಬಿದ್ದಿದ್ದು ಕಣಮ್ಮಾ. ಬಿದ್ದಾಗ್ಲೇ ಕಾಲು ಹೋಗಿತ್ತು. ಆಪರೇಷನ್ನು ಆಮೇಲೆ ಮಾಡಿದ್ದು" ಎಂದರು. ಓಡಿಬಂದು ಅತ್ತೆಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ, "ಅವಳಿಗೇನ್ ಗೊತ್ತು, ಅವಳು ಆಸ್ಪತ್ರೇಲಿದ್ಲಾ?" ಅಂದರು. ಅವರೂ ಆಸ್ಪತ್ರೆಯಲ್ಲಿರಲಿಲ್ಲ ಅನ್ನುವುದನ್ನು ನಾನು ಹೇಳಲಿಲ್ಲ. ಹೇಳಿದರೂ ನನ್ನೊಳಗಿನ ಭಯ ಹೋಗುತ್ತಿರಲಿಲ್ಲ. ಒಂದು ಸುದ್ದಿ ಸುಳ್ಳಾದರೆ ಇನ್ನೊಂದು ನಿಜವಿರಬಹುದಲ್ಲ ಎಂದು ಮನಸ್ಸು ಹುಡುಕುತ್ತಿತ್ತು.

ಹುಡುಕಲು ಫೋನಿತ್ತಲ್ಲ. ಡೈರಿಯಲ್ಲಿ ಹಾಲಿನ ಗಾಡಿ ಹೋದ ಮೇಲೆ ಕ್ಯಾನು ತೊಳೆದಿಟ್ಟು ವಿಡಿಯೋ ನೋಡುತ್ತಾ ಕೂರುತ್ತಿದ್ದೆ. ಒಬ್ಬ ಕತ್ತು ತಿರುಗಿಸಿ ಕಟಕ್ ಅನ್ನಿಸಿ, ಬೆನ್ನು ನೆಟ್ಟಗಾಯಿತು ಅನ್ನುತ್ತಿದ್ದ. ಒಬ್ಬಳು ವ್ಯಾಯಾಮದಲ್ಲೇ ಗುಣವಾಯಿತು ಅನ್ನುತ್ತಿದ್ದಳು. ಒಬ್ಬಳು ಆಪರೇಷನ್ ಮಾಡಿಸಿಕೊಂಡು ಬದುಕು ಬಂತು ಅಂದರೆ, ಅದರ ಕೆಳಗೇ ಇನ್ನೊಬ್ಬಳು ಬದುಕು ಹಾಳಾಯಿತು ಎಂದು ಅಳುತ್ತಿದ್ದಳು. ಒಂದು ನೋಡಿದರೆ ಹತ್ತು ತಾವಾಗಿಯೇ ಬರುತ್ತಿದ್ದವು. ನಾನು ಒಳ್ಳೆಯದನ್ನು ನೋಡಿದ್ದು ಮರೆತೇ ಹೋಗುತ್ತಿತ್ತು, ಅಳುವವಳ ಮುಖ ಮಾತ್ರ ಮುದ್ದೆ ತೊಳಸುವಾಗಲೂ ಕಣ್ಣ ಮುಂದೆ ಇರುತ್ತಿತ್ತು. ನಮ್ಮ ಮನೆಯವರದು ತದ್ವಿರುದ್ಧ. ಅವರು ವಿಡಿಯೋ ನೋಡುವವರಲ್ಲ. "ಕಾರ್ಖಾನೇಲಿ ಒಂದು ಪೀಸು ಬಾಗಿದ್ರೆ ಬಾಗಿದಷ್ಟಕ್ಕೇ ತಡೀಬೇಕು ಕಣೇ, ಆಮೇಲೆ ಏನೂ ಮಾಡಕ್ಕಾಗಲ್ಲ. ಮೊದಲ್ನೇ ಡಾಕ್ಟ್ರು ಹೇಳಿದ್ದೇ ಸರಿ" ಅನ್ನುತ್ತಿದ್ದರು.

"ನನ್ನ ಮಗಳು ನಿಮ್ಮ ಪೀಸಲ್ಲ!" ಎಂದು ನಾನು ಕಿರುಚಿದ್ದೂ ಉಂಟು.

ನಮ್ಮಲ್ಲಿ ಮನುಷ್ಯರ ಕೈಲಿ ಇತ್ಯರ್ಥ ಆಗದ್ದಕ್ಕೆ ಊರಾಚೆಯ ಆಂಜನೇಯನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಪ್ಪ ಸ್ವಾಮಿಯ ಎರಡೂ ಭುಜದ ಮೇಲೆ ಒದ್ದೆ ಹೂವು ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ಕೂರಬೇಕು. ಬಲಗಡೆಯ ಹೂವು ಬಿದ್ದರೆ ಕೇಳಿದ್ದಕ್ಕೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ ಅಂತ. ಸೈಟು ಕೊಳ್ಳುವುದಕ್ಕೆ, ಗಂಡು ಒಪ್ಪುವುದಕ್ಕೆ, ಬೋರ್‌ವೆಲ್ ಕೊರೆಸುವುದಕ್ಕೆ ಎಲ್ಲದಕ್ಕೂ ನಮ್ಮೂರಿನವರು ಅಲ್ಲಿಗೇ ಹೋಗುವುದು.

ಧನುರ್ಮಾಸದ ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದೆವು. ಅತ್ತೆ ಊಟಕ್ಕೆ ಕೂರುವ ಮೊದಲೇ ಸೆರಗಿನ ಗಂಟು ಬಿಚ್ಚಿ ಒಂದು ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡರು. "ಇನ್ನು ಯಾರೂ ಬಾಯಿ ಬಿಡಂಗಿಲ್ಲ. ಸ್ವಾಮಿ ಬಲಗಡೆ ಕೊಟ್ಟವ್ನೆ."

ನಮ್ಮ ಮನೆಯವರ ಮುಖ ಅರಳಿತು. "ನೋಡ್ದೇನವ್ವಾ! ನಂಗೂ ಬಲಗಡೇನೆ ಕೊಟ್ಟ. ಬೆಳಿಗ್ಗೆ ಶಿಫ್ಟ್ ಮುಗಿಸ್ಕೊಂಡು ಹಂಗೇ ಹೋಗಿದ್ದೆ" ಎಂದು ಜೇಬಿನಿಂದ ಅವರೂ ಒಂದು ಹೂ ತೆಗೆದರು.

ನನಗೆ ಯಾಕೋ ಅನುಮಾನ ಬಂತು. "ಅತ್ತೇ, ನೀವು ಏನಂತ ಕೇಳಿದ್ರಿ?"

"ಮಗೀನ ಮೈಗೆ ಕತ್ತಿ ಬೀಳದು ಬ್ಯಾಡ ಅನ್ನಂಗಿದ್ರೆ ಬಲಗಡೆ ಕೊಡಪ್ಪಾ ಅಂದೆ."

"ನೀವು?"

ನಮ್ಮ ಮನೆಯವರ ಕೈ ಹೂವಿನ ಸಮೇತ ಅಲ್ಲೇ ನಿಂತಿತು. "ಆಪರೇಷನ್ ಮಾಡಿಸ್ಬೋದು ಅನ್ನೋದಾದ್ರೆ ಬಲಗಡೆ ಕೊಡು ಅಂದೆ."

ತಾಯಿಗೂ ಮಗನಿಗೂ ಜಗಳ ಹತ್ತಿಕೊಂಡಿತು. "ನಾನು ಕೇಳ್ಬೇಕು ಅಂತಿದ್ದಾಗ ನೀನ್ಯಾಕ್ಲಾ ಮೊದ್ಲೇ ಹೋಗಿ ಕೇಳ್ದೆ?" ಎಂದು ಅವರು, "ನೀನು ಹೋಗ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?" ಎಂದು ಇವರು. ಡಾಕ್ಟರುಗಳು ಎರಡು ಮಾತಾಡಿದರು ಸರಿ, ಫೋನು ಹತ್ತು ಮಾತಾಡಿತು ಸರಿ, ಕೊನೆಗೆ ಆ ಸ್ವಾಮಿಯೂ ಎರಡು ಮಾತಾಡಿದರೆ ನಾನು ಯಾರನ್ನು ಹೋಗಿ ಕೇಳಲಿ ದೇವರೇ!

ಆಗ ಜಗಲಿಯಿಂದ ನಗು ಕೇಳಿಸಿತು. ಸಿಂಚನ ತಟ್ಟೆ ಬದಿಗಿಟ್ಟು ನಗುತ್ತಿದ್ದಳು. ಬೆಲ್ಟು ಬಿಗಿದಿದ್ದರಿಂದ ಹೊಟ್ಟೆ ತುಂಬ ನಗಲು ಆಗದೆ ಕೆಮ್ಮಿದಳು. ಕೆಮ್ಮುತ್ತಾ ಕೆಮ್ಮುತ್ತಾ ಅತ್ತುಬಿಟ್ಟಳು.

"ಎಲ್ರೂ ನಿಮ್ ನಿಮಗೆ ಬೇಕಾದ್ದನ್ನೇ ಕೇಳ್ಕೊಂಡ್ ಬಂದಿದೀರ. ಬೆನ್ನು ನಂದು. ನನ್ನನ್ನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?"

"ನಿನ್ನನ್ನ ಏನಂತ ಕೇಳೋದೇ?" ಅಂದೆ. ಕೋಪದಲ್ಲಿ ಅಂದೆನೋ ಸಂಕಟದಲ್ಲಿ ಅಂದೆನೋ ಗೊತ್ತಿಲ್ಲ.

"ಭಯ ಆಗ್ತದಾ ಅಂತ ಕೇಳ್ಬೋದಿತ್ತು." ಮೂಗು ಒರೆಸಿಕೊಂಡಳು. "ಆಪರೇಷನ್ ಆಗಿರೋರು ಒಬ್ರನ್ನ ನಂಗೆ ತೋರಿಸಿ. ವಿಡಿಯೋದಲ್ಲಲ್ಲ. ನಿಜವಾಗ್ಲೂ. ಆಮೇಲೆ ನಾನ್ ಹೇಳ್ತೀನಿ."

ಮಾರನೆಯ ದಿನ ಪೂಜಾರಪ್ಪ ಡೈರಿಗೆ ಹಾಲು ಹಾಕಲು ಬಂದಾಗ ವಿಷಯ ಹೇಳಿದೆ. ಅವರು ತಲೆ ಕೆರೆದುಕೊಂಡು, "ಒಂದೇ ವಿಷ್ಯಾನ ಮನೆಮಂದಿಯೆಲ್ಲ ಸರದಿ ಮೇಲೆ ಬಂದು ಕೇಳಿದ್ರೆ ಸ್ವಾಮಿ ತಾನೇ ಏನ್ ಮಾಡ್ತಾನಮ್ಮಾ?" ಎಂದು ನಕ್ಕು ಕ್ಯಾನು ಎತ್ತಿಕೊಂಡು ಹೋದರು. ನನಗೆ ನಗು ಬರಲಿಲ್ಲ.

ಎರಡನೆಯ ಡಾಕ್ಟರ ಆಸ್ಪತ್ರೆಯಲ್ಲಿ ನಮ್ಮ ಪಕ್ಕ ಕೂತಿದ್ದ ಒಬ್ಬ ಹೆಂಗಸು, ತನ್ನ ಮಗಳಿಗೂ ಇದೇ ಆಪರೇಷನ್ ಆಗಿದೆ ಎಂದು ಹೇಳಿ ನಂಬರು ಕೊಟ್ಟಿದ್ದರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯವರು. ಏನು ಹೇಳಿಬಿಡುತ್ತಾರೋ ಅನ್ನುವ ಅಂಜಿಕೆಗೆ ನಾನು ಒಂದು ದಿನವೂ ಅವರಿಗೆ ಫೋನು ಮಾಡಿರಲಿಲ್ಲ. ಈಗ ಮಾಡಿದೆ. "ಬನ್ನಿ ಬನ್ನಿ, ಭಾನುವಾರ ಕಾವ್ಯ ಮನೇಲೇ ಇರ್ತಾಳೆ" ಎಂದರು.

ನಾನು, ಸಿಂಚನ ಇಬ್ಬರೇ ಹೋದೆವು. ಕಾವ್ಯಳ ಅಪ್ಪ, ಸರ್ಕಾರ ಜಮೀನು ಕಿತ್ತುಕೊಳ್ಳಬಾರದು ಅಂತ ರೈತರು ಕೂತಿದ್ದ ಧರಣಿಗೆ ಹೋಗಿದ್ದರು. ಅವಳ ಅಮ್ಮ ನೆನೆಸಿದ ಅವರೆಕಾಳನ್ನು ಮೊರದ ತುಂಬ ಹರಡಿಕೊಂಡು ಹಿತುಕುತ್ತಿದ್ದರು. ಸುಮ್ಮನೆ ಕೂರುವುದು ಹೇಗೆ ಅಂತ ನಾನೂ ಕೈ ಹಾಕಿದೆ. ಕಾವ್ಯ ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದಾಳೆ. ಒಳ್ಳೆ ಎತ್ತರದ ಹುಡುಗಿ, ನೋಡಿದರೆ ಏನೂ ಆಗಿದ್ದೇ ಗೊತ್ತಾಗುವುದಿಲ್ಲ. ಒಂದು ಕಾಳು ಹಾರಿ ನೆಲಕ್ಕೆ ಬಿತ್ತು. ಅವಳು ಬೆನ್ನು ಬಗ್ಗಿಸದೆ, ಮಂಡಿ ಮಡಿಚಿ ನೆಟ್ಟಗೆ ಕೆಳಗಿಳಿದು ಅದನ್ನು ಎತ್ತಿಕೊಂಡಳು. ಸಿಂಚನ ಕಣ್ಣು ಮಿಟುಕಿಸದೆ ನೋಡಿದಳು.

"ಇಷ್ಟೇ, ಹಿಂಗೆ ಬಗ್ಗೋದು ಅಭ್ಯಾಸ ಆಗೋಗುತ್ತೆ" ಅಂದಳು ಕಾವ್ಯ.

"ತುಂಬಾ ನೋವಾಯ್ತಾ ಅಕ್ಕಾ?"

"ಸುಳ್ಳು ಹೇಳಲ್ಲ. ಮೊದಲ್ನೇ ವಾರ ಯಾಕಾದ್ರೂ ಮಾಡಿಸ್ಕೊಂಡ್ನೋ ಅನ್ನಿಸ್ತು. ಪಕ್ಕಕ್ಕೆ ಹೊರಳಕ್ಕೂ ಇಬ್ರು ಹಿಡ್ಕೋಬೇಕಿತ್ತು. ಗಾಯದ ಹತ್ರ ಇವತ್ತಿಗೂ ಒಂದಿಷ್ಟು ಜಾಗ ಮುಟ್ಟಿದ್ರೆ ಗೊತ್ತಾಗಲ್ಲ. ಚಳಿಗೆ ಬಿಗೀತದೆ."

ನನ್ನ ಬೆರಳು ಕಾಳಿನ ಮೇಲೆ ನಿಂತುಹೋಯಿತು. ಇದಕ್ಕೇ ನಾನು ಫೋನು ಮಾಡದೆ ಇದ್ದದ್ದು.

"ಮತ್ತೆ ಈಗ? ಮಾಡಿಸ್ಕೋಬಾರದಿತ್ತು ಅನ್ಸುತ್ತಾ?" ಎಂದು ಸಿಂಚನ ಕೇಳಿದಳು.

ಕಾವ್ಯ ಸ್ವಲ್ಪ ಯೋಚಿಸಿದಳು. "ಒಂದೊಂದ್ ದಿನ ಅನ್ಸುತ್ತೆ. ಜಾಸ್ತಿ ದಿನ ಅನ್ಸಲ್ಲ." ಆಮೇಲೆ ಸಿಂಚನಳ ಕೈ ಹಿಡಿದುಕೊಂಡು, "ಬಾ, ಗಾಯ ತೋರಿಸ್ತೀನಿ" ಎಂದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಕಾವ್ಯಳ ಅಮ್ಮ ಒಂದು ಹಿಡಿ ಬೇಳೆಯನ್ನು ನನ್ನ ಕಡೆ ಸರಿಸಿ, "ನಾನೂ ಹಿಂಗೇ ಇದ್ದೆ ಕಣಮ್ಮಾ. ಹೆದರಿಕೆ ಹೋದ್ಮೇಲೆ ಮಾಡ್ಸಣ ಅಂತ ಕಾಯ್ತಾ ಇದ್ದೆ. ಅದು ಹೋಗಲೇ ಇಲ್ಲ. ಹೆದರ್ಕೊಂಡೇ ಮಾಡಿಸ್ದೆ" ಎಂದರು.

ಬಸ್ಸಿನಲ್ಲಿ ಸಿಂಚನ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ದೇವನಹಳ್ಳಿ ದಾಟಿದ ಮೇಲೆ ತಿರುಗದೆಯೇ, "ಇನ್ನೊಂದು ಫಿಲ್ಮಲ್ಲಿ ಕಮ್ಮಿ ಆಗಿಲ್ಲ ಅಂದ್ರೆ ಮಾಡಿಸ್ಕೋತೀನಿ" ಅಂದಳು. ಅವಳ ಕಾಲ ಮೇಲೆ ಕೈ ಇಟ್ಟುಕೊಂಡು ಊರು ಬರುವವರೆಗೂ ಕೂತಿದ್ದೆ.

ಸಂಕ್ರಾಂತಿ ಎಳ್ಳುಬೆಲ್ಲ ಬೀರಿದ ಮರುವಾರ ಮತ್ತೆ ಫಿಲ್ಮು ತೆಗೆಸಿದೆವು. ನಿಧಾನದ ಡಾಕ್ಟರು ಎರಡೂ ಫಿಲ್ಮನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ನಲವತ್ತೇಳು. ಹೆಚ್ಚಾಗಿರಬಹುದು, ಅಥವಾ ಅಳತೆಯಲ್ಲಿ ನಾಲ್ಕೈದು ಡಿಗ್ರಿ ಅತ್ತಿತ್ತ ಆಗಿರಬಹುದು. ಇಬ್ರು ಡಾಕ್ಟ್ರು ಬೇರೆ ಬೇರೆ ಹೇಳಿದ್ರು ಅಂತ ನೀವು ಗಾಬರಿಯಾಗಿದ್ರಿ. ಒಬ್ಬರೇ ಎರಡು ಸಲ ಅಳೆದ್ರೂ ಹಂಗಾಗುತ್ತೆ. ಇನ್ನಾರು ತಿಂಗಳು ಕಾಯ್ತೀವಿ ಅಂದ್ರೆ ನಾನು ಬೇಡ ಅನ್ನಲ್ಲ. ಆದ್ರೆ ಕಾದರೆ ಕಮ್ಮಿ ಆಗುತ್ತೆ ಅಂತ ಮಾತ್ರ ನಾನು ಹೇಳಲಾರೆ."

ಆಗ ನನಗೆ ಹೊಳೆಯಿತು. ಇಷ್ಟು ದಿನ ಈ ಇಬ್ಬರು ಡಾಕ್ಟರ ಮಾತು ಎಲ್ಲಿ ಕೂಡುವುದಿಲ್ಲ ಅನ್ನುವುದನ್ನೇ ನೋಡಿ ನೋಡಿ ನಾನು ಹೆದರುತ್ತಿದ್ದೆ. ಆಪರೇಷನ್ ಇಲ್ಲದೆ ನೆಟ್ಟಗಾಗುತ್ತದೆ ಅಂತ ಮಾತ್ರ ಇವರಲ್ಲಿ ಒಬ್ಬರೂ ಹೇಳಿರಲಿಲ್ಲ. ಹಾಗೆ ಹೇಳಿದ್ದು ಫೋನಿನೊಳಗಿನ ಕಟಕ್ ಅನ್ನಿಸುವವನು, ವ್ಯಾಯಾಮದವಳು, ಅಂಥವರೇ.

ಸಿಂಚನ ಕೈ ಎತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ. "ಸರ್, ನಾನೇ ಒಂದು ಕೇಳ್ಬೋದಾ? ಕಾಲು ಹೋಗ್ತದಾ?"

ಡಾಕ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. "ಹೋಗೋದೇ ಇಲ್ಲ ಅಂದ್ರೆ ಸುಳ್ಳಾಗುತ್ತೆ ಪುಟ್ಟಾ. ತೀರಾ ಅಪರೂಪ. ಆಪರೇಷನ್ ನಡೀತಿರೋವಾಗಲೇ ಕಾಲಿನ ನರ ಕೆಲಸ ಮಾಡ್ತಿದೆಯಾ ಅಂತ ಒಂದು ಮಿಷನ್ ನೋಡ್ತಾನೇ ಇರುತ್ತೆ. ಏನಾದ್ರೂ ವ್ಯತ್ಯಾಸ ಬಂದ್ರೆ ನಾವು ತಕ್ಷಣ ಅಲ್ಲಿಗೇ ನಿಲ್ಲಿಸ್ತೀವಿ."

ಸಿಂಚನ ನನ್ನ ಮುಖ ನೋಡಿದಳು. ನಾನು ಅವಳ ಅಪ್ಪನ ಮುಖ ನೋಡಿದೆ. ಮಾಡಿಸಿ ಮಾಡಿಸಿ ಅನ್ನುತ್ತಿದ್ದ ಮನುಷ್ಯ ಬೆವರುತ್ತಿದ್ದರು. ಖರ್ಚಿಗೆ ಕಾರ್ಖಾನೆಯ ವಿಮೆ ಇತ್ತು. ಧೈರ್ಯಕ್ಕೆ ಯಾವ ವಿಮೆಯೂ ಇರಲಿಲ್ಲ. "ದಿನ ಹೇಳಿ ಸರ್" ಎಂದು ಸಿಂಚನಳೇ ಅಂದಳು.

ಅತ್ತೆ ಆಸ್ಪತ್ರೆಗೆ ಬರಲಿಲ್ಲ. "ನನ್ ಕಣ್ಣಲ್ಲಿ ನೋಡಕ್ಕಾಗಲ್ಲ" ಎಂದು ದೇವರ ಮುಂದೆ ಕೂತುಬಿಟ್ಟರು. ಮೊಮ್ಮಗಳು ಹೊರಡುವಾಗ ಕಾಲಿಗೆ ಬಿದ್ದರೆ ತಲೆ ಮುಟ್ಟಿದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೇ ಮಗುವನ್ನು ಕಟುಕರಿಗೆ ಕೊಡುತ್ತಿರುವವಳ ಹಾಗೆ.

ಆಪರೇಷನ್ ದಿನ ಬೆಳಿಗ್ಗೆ ಅವಳನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಆಮೇಲಿನದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಬಿಸಿಲು ಕಿಟಕಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ನಮ್ಮ ಮನೆಯವರು ಕಾಫಿ ತಂದರು, ಆರಿತು, ಮತ್ತೆ ತಂದರು. ಇವತ್ತು ಏನಾದರೂ ಆದರೆ ಅತ್ತೆಗೆ ಯಾವ ಮುಖ ತೋರಿಸಲಿ ಅಂತ ಅಂದುಕೊಂಡೆ. ಮರುಕ್ಷಣವೇ, ಅತ್ತೆ ಮನೆ ಹಾಳಾಗಲಿ, ಆ ಮಗುವಿಗೆ ಯಾವ ಮುಖ ತೋರಿಸಲಿ ಅಂತ ನನ್ನನ್ನೇ ಬೈದುಕೊಂಡೆ. ಸಂಜೆ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಟೋಪಿ ತೆಗೆದು, "ಎಚ್ಚರ ಆಗಿದಾಳೆ. ಎರಡೂ ಕಾಲು ಆಡಿಸಿದ್ಲು" ಎಂದರು. ನಮ್ಮ ಮನೆಯವರು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು. ನಾನು ಅಳಲಿಲ್ಲ. ಕಣ್ಣೀರು ಎಲ್ಲಿ ಹೋಗಿತ್ತೋ.

ಅತ್ತೆಗೆ ಫೋನು ಮಾಡಿ ಹೇಳಿದೆವು. "ಫೋನಲ್ಲಿ ಎಲ್ರೂ ಹಂಗೇ ಅಂತಾರೆ" ಎಂದು ಇಟ್ಟುಬಿಟ್ಟರು.

ನೋವಿನ ದಿನಗಳು ಕಾವ್ಯ ಹೇಳಿದ ಹಾಗೇ ಇದ್ದವು, ಅದಕ್ಕಿಂತ ಒಂದು ಕೈ ಮೇಲೆಯೇ. ಮಗಳು ಹಲ್ಲು ಕಚ್ಚಿಕೊಂಡು ನನ್ನ ತೋಳು ಹಿಡಿದಾಗ ಅವಳ ಉಗುರು ಚರ್ಮದಲ್ಲಿ ಇಳಿಯುತ್ತಿತ್ತು. ಕಾದಿದ್ದರೆ ಬೆನ್ನು ಅಷ್ಟಕ್ಕೇ ನಿಂತುಬಿಡುತ್ತಿತ್ತೋ ಏನೋ, ಈ ನೋವು ತಿನ್ನಿಸಿದ್ದು ದಂಡವೋ ಏನೋ ಎಂದು ಆಗ ಅನ್ನಿಸುತ್ತಿತ್ತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಮಾಡಿಸದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಯಾವ ಫಿಲ್ಮೂ ತೋರಿಸುವುದಿಲ್ಲ.

ಶಿವರಾತ್ರಿಗೆ ಮೊದಲು ಮನೆಗೆ ಕರೆದುಕೊಂಡು ಬಂದೆವು. ಊರಿನಲ್ಲಿ ಅವರೆ ಮುಗಿದಿತ್ತು, ಬಿಸಿಲು ಏರಿತ್ತು. ಕಾರು ಬಾಗಿಲಿಗೇ ಬಂದು ನಿಂತಿತು. ಸಿಂಚನ ಅಪ್ಪನ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಅಂಗಳಕ್ಕೆ ಬಂದಳು. ಎತ್ತರವಾಗಿದ್ದಳು, ಕತ್ತು ನೆಟ್ಟಗಿತ್ತು. ಅತ್ತೆ ಹೊಸಿಲಿನಲ್ಲಿ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ನಮ್ಮಲ್ಲಿ ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬಂದು ಹಿರಿಯರ ಕಾಲಿಗೆ ಬೀಳಬೇಕು. ಬಗ್ಗುವ ಹಾಗಿಲ್ಲ ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮಗಳು ಅಜ್ಜಿಯ ಮುಂದೆ ಏನು ಮಾಡಬೇಕೋ ತೋಚದೆ ಹಾಗೇ ನಿಂತಳು.

ಅತ್ತೆ ಅವಳ ಮುಖ ನೋಡಲಿಲ್ಲ, ಬೆನ್ನು ನೋಡಲಿಲ್ಲ. ಮಂಡಿ ನೋವಿನ ಆ ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಷ್ಟಪಟ್ಟು ನೆಲಕ್ಕೆ ಕೂತರು. ಮೊಮ್ಮಗಳ ಪಾದದ ಮೇಲೆ ನೀರು ಹಾಕಿ ಎರಡು ಕೈಯಲ್ಲೂ ತೊಳೆದರು. ಆಮೇಲೆ ಒಂದೊಂದೇ ಬೆರಳನ್ನು ಹಿಡಿದು ಹಿಡಿದು ಒತ್ತಿ ನೋಡಿದರು. ಹೆಬ್ಬೆರಳು, ಪಕ್ಕದ್ದು, ಕಿರುಬೆರಳು. ಅಂಗಾಲಿನ ಕೆಳಗೆ ಕೈ ತೂರಿಸಿ ಉಗುರಿನಿಂದ ಮೆಲ್ಲಗೆ ಗೀರಿದರು.

"ಅಯ್ಯೋ ಅಜ್ಜೀ! ಬಿಡಜ್ಜಿ, ಕಚಗುಳಿ ಆಗ್ತದೆ!" ಎಂದು ಸಿಂಚನ ಕಾಲು ಎಳೆದುಕೊಂಡಳು. ಚೊಂಬು ಉರುಳಿ ನೀರೆಲ್ಲ ಅಂಗಳಕ್ಕೆ ಹರಿಯಿತು.

ಅಷ್ಟು ದಿನ ಬರದ ಅಳು ನನಗೆ ಆಗ ಬಂತು. ಅಲ್ಲೇ, ಕಾರಿನವನ ಎದುರಿಗೇ, ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಮುದುಕಿಯ ಕೆನ್ನೆಯೂ ಒದ್ದೆಯಾಗಿತ್ತು. ಅವರು ಒರೆಸಿಕೊಳ್ಳಲಿಲ್ಲ. ಒದ್ದೆ ನೆಲದಲ್ಲಿ ಕೂತಲ್ಲಿಂದಲೇ ಮೊಮ್ಮಗಳ ಇನ್ನೊಂದು ಕಾಲಿಗೆ ಕೈ ಚಾಚಿದರು.

"ಈ ಕಾಲೂ ಕೊಡವ್ವಾ. ಇದನ್ನೂ ನೋಡ್ತೀನಿ."